ಕ್ರಿಯಾಟಿನ್ ತಗೊಂಡ ಮೇಲೆ ಕ್ರಿಯಾಟಿನಿನ್ 1.4: ನಿಲ್ಲಿಸಬೇಕಾ?

ಕಬ್ಬಿಣದ ಕಡಲೆ:
ಎರಡು ತಿಂಗಳಿಂದ ಕ್ರಿಯಾಟಿನ್ ಮಾನೊಹೈಡ್ರೇಟ್ (ಜಿಮ್‌ನವರು ಬಲಕ್ಕೆ ತಗೊಳ್ಳೋ ಪುಡಿ), ದಿನಕ್ಕೆ 5 ಗ್ರಾಂ. ವಯಸ್ಸು 29, ಗಂಡು, 74 ಕೆಜಿ, ಸಸ್ಯಾಹಾರಿ, ಬಿಪಿ ಶುಗರ್ ಇಲ್ಲ. ಈಗ ಸೀರಂ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕೋ ಕಸ, ರಕ್ತದಲ್ಲಿ ಎಷ್ಟಿದೆ ಅಂತ) 1.4, ಇಜಿಎಫ್‌ಆರ್ (ಕಿಡ್ನಿ ಸೋಸೋ ವೇಗದ ಅಂದಾಜು) 70, ಯೂರಿಯಾ ನಾರ್ಮಲ್. ಕಿಡ್ನಿಗೆ ಪೆಟ್ಟು ಬಿದ್ದಿದೆಯಾ? ಇನ್ನೊಂದು: ಲೋಡಿಂಗ್ (ಶುರುವಿನ ಕೆಲವು ದಿನ ದೊಡ್ಡ ಡೋಸ್) ಮಾಡಿಲ್ಲ, ಮಾಡಲೇಬೇಕಿತ್ತಾ?

ಲ್ಯಾಬ್ ಕೋಟು:
ಈ ರಿಪೋರ್ಟ್ ಒಂದರಿಂದ ಹಾಗೆ ಹೇಳೋಕಾಗಲ್ಲ. ಸ್ನಾಯುವಿನಲ್ಲಿರೋ ಕ್ರಿಯಾಟಿನ್ ದಿನಾ ಒಂದಿಷ್ಟು ತಾನಾಗೇ ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಸೇರುತ್ತೆ. ಪುಡಿ ತಗೊಂಡು ಸಂಗ್ರಹ ಹೆಚ್ಚಿದಾಗ ಅದೂ ಏರುತ್ತೆ, ಕಿಡ್ನಿ ಸರಿಯಾಗಿದ್ದರೂ. ಇಜಿಎಫ್‌ಆರ್ ಬೇರೆ ಟೆಸ್ಟ್ ಅಲ್ಲ, ಅದೇ 1.4 ಅನ್ನು ವಯಸ್ಸು, ಲಿಂಗದ ಜೊತೆ ಸೂತ್ರಕ್ಕೆ ಹಾಕಿದ್ದು. ಎರಡು ಸಾಕ್ಷಿ ಅಂತ ಎಣಿಸಬೇಡಿ.

ಮಾಡಿಸಬೇಕಾದ್ದು ಸಿಸ್ಟಾಟಿನ್ ಸಿ (ಕಿಡ್ನಿ ನೋಡೋ ಇನ್ನೊಂದು ರಕ್ತ ಪರೀಕ್ಷೆ, ಕ್ರಿಯಾಟಿನ್‌ಗೂ ಇದಕ್ಕೂ ಸಂಬಂಧವಿಲ್ಲ) ಮತ್ತು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡೋದು). ಟೆಸ್ಟ್‌ಗೆ ಹಿಂದಿನ ಎರಡು ದಿನ ಭಾರ ಎತ್ತಬೇಡಿ, ಮೂತ್ರದ ಅಂಕಿ ಕೆಡಬಹುದು. ಪುಡಿ ಬಿಟ್ಟು ನೋಡೋದಾದರೆ ಒಂದು ವಾರ ಸಾಲದು, ಸ್ನಾಯುವಿನ ಸಂಗ್ರಹ ಇಳಿಯೋಕೆ 4–6 ವಾರ ಬೇಕು. ಮೂತ್ರದಲ್ಲಿ ಆಲ್ಬುಮಿನ್ ಕಂಡರೆ ಅಥವಾ ಸಿಸ್ಟಾಟಿನ್ ಸಿ ಹೆಚ್ಚಿದ್ದರೆ ಪುಡಿ ನಿಲ್ಲಿಸಿ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹತ್ತಿರ ಹೋಗಿ. ಡಾಕ್ಟರಿಗೆ ಕ್ರಿಯಾಟಿನ್ ವಿಷಯ ಮೊದಲೇ ಹೇಳಿ. ಮುಚ್ಚಿಟ್ಟರೆ ಬೇಡದ ಟೆಸ್ಟ್‌ಗಳ ಸರಮಾಲೆ.

ಮುಂಗೈ ಬಲ:
ಲೋಡಿಂಗ್ ಅವಸರ ಇದ್ದವರಿಗೆ ಮಾತ್ರ. ದಿನಕ್ಕೆ 20 ಗ್ರಾಂ, ನಾಲ್ಕು ಪಾಲಾಗಿ, 5–7 ದಿನ. ದಿನಾ 3–5 ಗ್ರಾಂ ತಗೊಂಡರೂ ಮೂರು ನಾಲ್ಕು ವಾರದಲ್ಲಿ ಅಲ್ಲಿಗೇ ಮುಟ್ಟುತ್ತೀರಿ. ಒಂದೇ ಸಲ 10 ಗ್ರಾಂ ಸುರಿದುಕೊಂಡವರಿಗೇ ಹೆಚ್ಚಾಗಿ ಹೊಟ್ಟೆ ಕೆಡೋದು. ಮೊದಲ ವಾರಗಳಲ್ಲಿ ಏರೋ 1–2 ಕೆಜಿ ಹೆಚ್ಚಾಗಿ ನೀರು, ಸ್ನಾಯು ಅಂತ ಹಿಗ್ಗಬೇಡಿ.

ದೇಹ ಕ್ರಿಯಾಟಿನ್ ಅನ್ನು ಆರ್ಜಿನಿನ್, ಗ್ಲೈಸಿನ್, ಮಿಥಿಯೋನಿನ್ ಅನ್ನೋ ಅಮೈನೋ ಆಮ್ಲಗಳಿಂದ ಒಂದಿಷ್ಟು ಮಾಡಿಕೊಳ್ಳುತ್ತೆ, ಉಳಿದದ್ದು ಮಾಂಸ, ಮೀನಿಂದ ಬರಬೇಕು. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಮೊದಲೇ ಕಡಿಮೆ ಇರುತ್ತೆ, ಹಾಗಾಗಿ ನಿಮಗೆ ಲಾಭ ಎದ್ದು ಕಾಣಬಹುದು. ಆದರೆ ಲಾಭ ಸಿಗೋದು ಭಾರ ಎತ್ತೋದು, ಸ್ಪ್ರಿಂಟ್‌ನಂಥ ಚುಟುಕು ಜೋರಿನ ಕೆಲಸದಲ್ಲಿ. ಹತ್ತು ಕಿಲೋಮೀಟರ್ ಓಟಕ್ಕೆ ಹೆಚ್ಚೇನೂ ಇಲ್ಲ.

ಉಗುರುಬೆಚ್ಚಗಿನ ನೀರಲ್ಲಿ ಬೇಗ ಕರಗುತ್ತೆ. ಕಲಸಿದ್ದನ್ನು ಆಗಲೇ ಕುಡಿಯಿರಿ. ನಿಂಬೆ ಶರಬತ್ತಿಗೆ ಹಾಕಿ ದಿನಗಟ್ಟಲೆ ಇಟ್ಟರೆ ಹುಳಿಗೆ ಅದು ಬಾಟಲಿಯಲ್ಲೇ ಕ್ರಿಯಾಟಿನಿನ್ ಆಗ್ತಾ ಹೋಗುತ್ತೆ.

ಲ್ಯಾಬ್ ಕೋಟು:
ಒಂದು ಬಿಟ್ಟುಹೋಯ್ತು. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗ್ತಾ ಇದ್ದೀರಾ? ಕಿಡ್ನಿಗೆ ನಿಜವಾದ ಅಪಾಯ ಅಲ್ಲಿದೆ. ಮೊದಲೇ ಕಿಡ್ನಿ ಕಾಯಿಲೆ ಇರೋರು ಡಾಕ್ಟರ್ ಒಪ್ಪದೆ ಕ್ರಿಯಾಟಿನ್ ಮುಟ್ಟಬಾರದು.