ಕಥೆಯ ಕೊನೆಗೆ ಬೈಬಲ್ ವಾಕ್ಯ ಬೇಕಾ?

ಅಕ್ಕಾ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು. ನಿಮ್ಮ ಕಥೆಗಳನ್ನು ನಮ್ಮ ಚರ್ಚಿನ ಸಭೆಯವರು ಬಿಟ್ಟರೆ ಬೇರೆ ಯಾರೂ ಓದುತ್ತಿಲ್ಲ, ಏನು ಮಾಡಲಿ ಅಂತ ಕೇಳಿದಿರಿ. ಅದಕ್ಕೆ ಅಂಕಲ್, ಪ್ರತಿ ಕಥೆಯ ಕೊನೆಗೆ ಒಂದು ಬೈಬಲ್ ವಾಕ್ಯ ಹಾಕು, ಇಲ್ಲದಿದ್ದರೆ ಅದು ನಮ್ಮ ನಂಬಿಕೆಗೆ ಸಾಕ್ಷಿ ಹೇಗಾಗುತ್ತದೆ ಅಂದರು. ಅಂಕಲ್, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದು ಒಪ್ಪಿಗೆಯಿಲ್ಲ.

ಹೊರಗಿನವರು ಯೇಸುವಿನ ಹೆಸರು ಕಂಡ ಕೂಡಲೇ ಪುಸ್ತಕ ಮುಚ್ಚುತ್ತಾರೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಅವರು ಮುಚ್ಚುವುದು ಮೂರನೇ ಪುಟದಲ್ಲೇ ಕೊನೆ ಗೊತ್ತಾದಾಗ. ಕಥೆಯಲ್ಲಿ ಕುಡುಕ ಗಂಡ ಬಂದ ಅಂದರೆ ಸಾಕು, ಪ್ರಾರ್ಥನಾ ಕೂಟದಲ್ಲಿ ಅಳುತ್ತಾ ಮೊಣಕಾಲೂರುತ್ತಾನೆ ಅಂತ ಎಲ್ಲರಿಗೂ ಗೊತ್ತು. ನಮಗೆ ಅದು ಇಷ್ಟವಾಗುತ್ತದೆ, ನಾವು ಆಗಲೇ ನಂಬಿದವರು. ಬೇರೆಯವರಿಗೆ ತಮ್ಮನ್ನು ಕೈಹಿಡಿದು ಎಲ್ಲಿಗೋ ಎಳೆದುಕೊಂಡು ಹೋಗುತ್ತಿದ್ದಾರೆ ಅನ್ನಿಸುತ್ತದೆ.

ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ಏನು ಮಾಡಿದರು ನೋಡಿ. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬಿಬಿಸಿ ರೇಡಿಯೋದಲ್ಲಿ ಹದಿನೈದು ನಿಮಿಷದ ಮಾತುಗಳು. ಶುರು ಮಾಡಿದ್ದು ಬೈಬಲ್ಲಿನಿಂದ ಅಲ್ಲ, ಜಗಳದಿಂದ. ಈ ಜಾಗ ನನ್ನದು, ನಾನು ಮೊದಲು ಬಂದೆ ಅಂತ ಜನ ಕಿತ್ತಾಡುತ್ತಾರಲ್ಲ, ಹಾಗೆ ಕಿತ್ತಾಡುವಾಗ ನ್ಯಾಯ ಅನ್ನುವುದೊಂದು ಇದೆ ಅಂತ ಇಬ್ಬರೂ ಒಪ್ಪಿಕೊಂಡ ಹಾಗಾಯಿತಲ್ವಾ, ಅಲ್ಲಿಂದ. ಕ್ರೈಸ್ತರು ಏನು ನಂಬುತ್ತಾರೆ ಅನ್ನುವುದು ಬಂದದ್ದು ಎರಡನೇ ಸರಣಿಯಲ್ಲಿ, 1942ರಲ್ಲಿ. ಅವರೂ ಒಂದು ಕಾಲದಲ್ಲಿ ನಾಸ್ತಿಕರೇ. ಅದಕ್ಕೇ ಇರಬೇಕು, ಕೇಳುವವನಿಗೆ ಎಲ್ಲಿ ಅನುಮಾನ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಅದೇ ಬಿಬಿಸಿಯಲ್ಲಿ 1941ರ ಡಿಸೆಂಬರ್‌ನಿಂದ ಡೊರೊಥಿ ಸೇಯರ್ಸ್ ಬರೆದ ಯೇಸುವಿನ ಜೀವನದ ನಾಟಕ ಬಂತು, 12 ಕಂತು. ಆಕೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು, ಪಾತ್ರಗಳ ಬಾಯಲ್ಲಿ ಮಾತು ಆಡಿಸುವುದು ಚೆನ್ನಾಗಿ ಬರುತ್ತಿತ್ತು. ಯೇಸುವಿನ ಶಿಷ್ಯರೆಲ್ಲ ನಾಟಕ ಕೇಳುತ್ತಿದ್ದ ಜನರ ಆಡುಮಾತಿನಲ್ಲೇ ಮಾತಾಡಿದರು. ಗಲಾಟೆ ಎಬ್ಬಿಸಿದ್ದು ಯಾರು ಅಂದುಕೊಂಡಿರಿ? ಭಕ್ತರು! ನಾಟಕ ಪ್ರಸಾರವಾಗುವ ಮೊದಲೇ ಶುರು. ಪಾರ್ಲಿಮೆಂಟಿನವರೆಗೂ ಹೋಯಿತು. ಅಂಕಲ್, ನಿಮ್ಮನ್ನು ಅಂದದ್ದಲ್ಲ, ನಗಬೇಡಿ. ಆದರೆ ಹೊರಗಿನ ಓದುಗರಿಗೆ ಬರೆಯುವವರಿಗೆ ಮೊದಲ ಅಡ್ಡಿ ಜಾಸ್ತಿ ಸಲ ಮನೆಯೊಳಗಿನವರೇ.

ನನ್ನನ್ನು ಹೆಚ್ಚು ಕಾಡಿದವರು ಜಪಾನಿನ ಕ್ರೈಸ್ತ ಕಾದಂಬರಿಕಾರ ಶುಸಾಕು ಎಂಡೊ. ಅಲ್ಲಿ ಕ್ರೈಸ್ತರು ಸುಮಾರು ನೂರಕ್ಕೆ ಒಬ್ಬರು. ಅಂದರೆ ಅವರಿಗೆ ಓದುಗರು ಅಂದರೆ ಹೊರಗಿನವರೇ. 1966ರಲ್ಲಿ ಅವರ ‘ಮೌನ’ ಕಾದಂಬರಿ ಬಂತು. ಹದಿನೇಳನೇ ಶತಮಾನದಲ್ಲಿ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದ ಕಥೆ. ಒಬ್ಬ ಪೋರ್ಚುಗೀಸ್ ಪಾದ್ರಿ ಸಿಕ್ಕಿಬೀಳುತ್ತಾನೆ. ಅವನು ಕ್ರಿಸ್ತನ ಚಿತ್ರವನ್ನು ತುಳಿದರೆ ಚಿತ್ರಹಿಂಸೆಯಲ್ಲಿ ನರಳುತ್ತಿರುವ ಹಳ್ಳಿಗರು ಉಳಿಯುತ್ತಾರೆ. ದೇವರು ಸುಮ್ಮನಿದ್ದಾನೆ. ಪಾದ್ರಿ ತುಳಿಯುತ್ತಾನೆ. ಅದು ದ್ರೋಹವೋ ಪ್ರೀತಿಯೋ ಅಂತ ಎಂಡೊ ನಮ್ಮ ಪರವಾಗಿ ತೀರ್ಪು ಕೊಡುವುದಿಲ್ಲ. ಅಲ್ಲಿನ ಕೆಲವು ಕ್ರೈಸ್ತರಿಗೆ ಸಿಟ್ಟೇ ಬಂತು. ಆದರೆ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿಗಳಲ್ಲಿ ಒಂದಾದ ತನಿಜಾಕಿ ಪ್ರಶಸ್ತಿ ಅದೇ ವರ್ಷ ಬಂತು. ಕೊನೆಗೆ ಒಂದು ವಾಕ್ಯ ಅಂಟಿಸಿದ್ದರೆ ಆ ಪುಸ್ತಕದ ಗತಿ ಏನಾಗುತ್ತಿತ್ತು, ಹೇಳಿ.

ಕನ್ನಡದಲ್ಲೇ ನಾ. ಡಿಸೋಜ ಇದ್ದರಲ್ಲ. ‘ದ್ವೀಪ’ದಲ್ಲಿ ಅಣೆಕಟ್ಟಿನ ನೀರು ಏರಿ ಬರುವಾಗ ಮನೆ ಬಿಡಲಾಗದವರು ಗಣಪಯ್ಯ, ನಾಗಿ. ಇಗರ್ಜಿ, ಅಂದರೆ ಚರ್ಚು, ಅದರ ಹೆಸರಿಟ್ಟೇ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದವರೂ ಅವರೇ. 2014ರಲ್ಲಿ ಮಡಿಕೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದಾಗ ಜನ ಕಂಡದ್ದು ಒಬ್ಬ ಕನ್ನಡದ ಲೇಖಕರನ್ನು.

ಹಾಗಂತ ಯೇಸುವಿನ ಹೆಸರು ಮುಚ್ಚಿಡಿ ಅಂತಲ್ಲ. ಮೊದಲ ಅರ್ಧ ಸಾಮಾನ್ಯ ಕಥೆಯ ಹಾಗೆ ಬರೆದು ಆಮೇಲೆ ಗಾಳ ಎಳೆಯುವುದು ಇನ್ನೂ ಕೆಟ್ಟದ್ದು, ಓದುಗರಿಗೆ ಮೋಸ ಹೋದ ಹಾಗೆ ಆಗುತ್ತದೆ. ನಿಮ್ಮ ಪಾತ್ರ ಪ್ರಾರ್ಥನೆ ಮಾಡುವವಳಾದರೆ ಮೊದಲ ಪುಟದಲ್ಲೇ ಮಾಡಲಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ.

ನರ್ಸಿನ ಕಥೆ ಇದೆಯಲ್ಲ, ಅವಳು ರಾತ್ರಿಯೆಲ್ಲ ಪ್ರಾರ್ಥಿಸಿದರೂ ಆ ಹುಡುಗ ಉಳಿಯುವುದಿಲ್ಲ. ಅದು ನಿಮ್ಮ ಒಳ್ಳೆಯ ಕಥೆ. ಆಮೇಲೆ ಕನಸಿನಲ್ಲಿ ದೇವದೂತ ಬಂದು ಸಮಾಧಾನ ಹೇಳುವ ಎರಡು ಪುಟ ಇದೆ ನೋಡಿ, ಅದನ್ನು ನೀವು ಹೆದರಿ ಬರೆದಿದ್ದೀರಿ ಅಂತ ನನಗೆ ಅನ್ನಿಸಿತು. ತೆಗೆದುಬಿಡಿ. ತೆಗೆದ ಮೇಲೆ ಸಭೆಯ ಪತ್ರಿಕೆಗೆ ಕೊಡಬೇಡಿ, ನಿಮ್ಮ ಪರಿಚಯವೇ ಇಲ್ಲದ ಒಬ್ಬ ಸಂಪಾದಕರಿಗೆ ಕಳಿಸಿ. ವಾಪಸ್ ಬಂದರೆ ಇನ್ನೊಬ್ಬರಿಗೆ. ಅದಕ್ಕೆ ಮೊದಲು ಫೈಲ್ ನನಗೆ ಬೇರೆಯಾಗಿ ಹಾಕಿ, ಈ ಗ್ರೂಪಿನಲ್ಲಿ ಬೇಡ. ಇಲ್ಲಿ ಹಾಕಿದರೆ ನಾಳೆ ಬೆಳಿಗ್ಗೆಯೊಳಗೆ ದೇವದೂತ ವಾಪಸ್ ಬಂದಿರುತ್ತಾನೆ.