ಬ್ಯಾಟರಿ ಹೊಸದು, ಆದ್ರೂ ಸೆಲ್ಫ್ ನರಳುತ್ತೆ: 1996ರ ಅಂಬಾಸಿಡರ್ ಡೀಸೆಲ್

ಮಳೆನಾಡ ಸವಾರ:
ಎಲ್ಲರಿಗೂ ನಮಸ್ಕಾರ. ಗಾಡಿ 1489 ಸಿಸಿ ಡೀಸೆಲ್ ಅಂಬಾಸಿಡರ್. ಅಪ್ಪ ಓಡಿಸುತ್ತಿದ್ದದ್ದು, ಈಗ ನನ್ನ ಪಾಲಿಗೆ ಬಂದಿದೆ. ಊರು ಸಾಗರ. ಎರಡು ತಿಂಗಳಿಂದ ಬೆಳಿಗ್ಗೆ ಸೆಲ್ಫ್ ಹೊಡೆದರೆ 'ಊಂ... ಊಂ...' ಅಂತ ನರಳುತ್ತದೆ. ಇಳಿಜಾರಿನಲ್ಲಿ ತಳ್ಳಿದರೆ ಒಂದೇ ಏಟಿಗೆ ಸ್ಟಾರ್ಟ್. ಹೊಸ ಬ್ಯಾಟರಿ ಹಾಕಿಸಿದೆ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನಾಲ್ಕೂ ಬದಲಾಯಿಸಿದೆ. ಈಗ ಗ್ಯಾರೇಜಿನವರು ಸೆಲ್ಫ್ ಮೋಟರ್ ಬಿಚ್ಚೋಣ ಅಂತಿದ್ದಾರೆ.

ಇನ್ನೊಂದು ವಿಚಿತ್ರ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಆಫ್ ಮಾಡಿದರೆ ಇಳಿಯುತ್ತದೆ. ರೇಡಿಯೇಟರ್‌ನಲ್ಲಿ ನೀರು ಸರಿಯಾಗಿಯೇ ಇದೆ.

ವೈರಿಂಗ್ ಕಿಟ್ಟಿ:
ಡೈನಮೋ ಚಾರ್ಜ್ ಮಾಡ್ತಿಲ್ಲ ಅನ್ಸುತ್ತೆ. ಎಂಜಿನ್ ಓಡುವಾಗ ಬ್ಯಾಟರಿಯ ಒಂದು ಟರ್ಮಿನಲ್ ತೆಗೆದು ನೋಡಿ. ಎಂಜಿನ್ ನಿಂತರೆ ಡೈನಮೋ ಹೋಗಿದೆ ಅಂತ.

ಹಳೇ ಡೀಸೆಲ್:
ಕಿಟ್ಟಿ ಅವರೇ, ಅದನ್ನು ಮಾತ್ರ ಹೇಳಬೇಡಿ. ಅದು ಹಳೇ ಪೆಟ್ರೋಲ್ ಗಾಡಿಯವರ ಉಪಾಯ. ಈ ಡೀಸೆಲ್‌ಗೆ ಸ್ಪಾರ್ಕ್ ಬೇಕಿಲ್ಲ, ಪಂಪು ಮೆಕ್ಯಾನಿಕಲ್. ಡೈನಮೋ ಸತ್ತಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಹಾಗಾಗಿ ಏನೂ ಗೊತ್ತಾಗಲ್ಲ. ಮೇಲಾಗಿ ಡೈನಮೋ ಜಾಗದಲ್ಲಿ ಆಲ್ಟರ್ನೇಟರ್ ಇದ್ದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಒಳಗಿನ ಡಯೋಡ್ ಸುಟ್ಟುಹೋಗಬಹುದು.

ಸವಾರರೇ, ಸೆಲ್ಫ್ ನಿಧಾನ ತಿರುಗುವುದಕ್ಕೂ ಹೀಟರ್ ಪ್ಲಗ್‌ಗೂ ಸಂಬಂಧವೇ ಇಲ್ಲ. ಆ ದುಡ್ಡು ಹೋಯ್ತು ಅಂದುಕೊಳ್ಳಿ. ಎರಡು ಪ್ರಶ್ನೆ. ಇತ್ತೀಚೆಗೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಮಾಡಿಸಿದ್ರಾ? ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ, ಎಂಜಿನ್ ನಿಲ್ಲಿಸಲು ಎಳೆಯುವ ನಾಬ್ ಮುಟ್ಟಿ ನೋಡಿದ್ದೀರಾ?

ಮಳೆನಾಡ ಸವಾರ:
ಮೂರು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ನಿಮ್ಮ ಮಾತು ಓದಿ ಈಗ ಹೋಗಿ ನೋಡಿದೆ ಸಾರ್. ಐದನೇ ಸಲಕ್ಕೆ ನಾಬ್ ಬೆಚ್ಚಗಾಗಿತ್ತು! ಬಾನೆಟ್ ಎತ್ತಿ ಅದರ ಕೇಬಲ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಇದೇನು ಕತೆ?

ಹಳೇ ಡೀಸೆಲ್:
ಸಿಕ್ಕಿತು. ಅರ್ತ್ ಹೋಗಿದೆ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬ್ಯಾಟರಿ ನೆಗೆಟಿವ್ ಬಾಡಿಗೆ ಕಚ್ಚಿರುತ್ತದೆ. ಬಾಡಿಗೂ ಎಂಜಿನ್‌ಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಒಂದು ಇರಬೇಕು. ಅದು ಇಲ್ಲದಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ, ಸೆಲ್ಫ್ ಎಳೆಯುವ ಕರೆಂಟು ವಾಪಸ್ ಹೋಗಲು ಸಿಕ್ಕಿದ ದಾರಿ ಹಿಡಿಯುತ್ತದೆ. ನಿಮ್ಮಲ್ಲಿ ಸ್ಟಾಪ್ ಕೇಬಲ್ ಹಿಡಿದಿದೆ. 300 ಆಂಪಿಯರ್ ಹರಿಯುವಾಗ ಬರೀ 0.01 ಓಮ್ ಅಡ್ಡ ಬಂದರೂ 3 ವೋಲ್ಟ್ ಅಲ್ಲೇ ಖಾಲಿ. ಮುಳ್ಳು ಏರುವುದೂ ಇದರಿಂದಲೇ. ಟೆಂಪರೇಚರ್ ಸೆನ್ಸರ್‌ಗೆ ಅರ್ತ್ ಸಿಗುವುದು ಎಂಜಿನ್‌ನಿಂದ ತಾನೇ.

ಮೀಟರಿನಲ್ಲಿ ಓಮ್ ನೋಡಿ ಮೋಸ ಹೋಗಬೇಡಿ. ಒಂದೇ ಎಳೆ ತಾಮ್ರ ಉಳಿದಿದ್ದರೂ ಅದು ಸೊನ್ನೆ ತೋರಿಸುತ್ತದೆ. 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೇ (ಕ್ಲಿಪ್ಪಿಗಲ್ಲ), ಕೆಂಪು ಕಡ್ಡಿ ಎಂಜಿನ್ನಿನ ಉಜ್ಜಿದ ಬೋಲ್ಟಿಗೆ. ಸ್ಟಾಪ್ ನಾಬ್ ಎಳೆದಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.5 ವೋಲ್ಟ್ ದಾಟಬಾರದು. ಆಮೇಲೆ ಕೆಂಪು ಕಡ್ಡಿಯನ್ನು ಬಾಡಿಗೆ ಇಟ್ಟು ಅದೇ ರೀತಿ ನೋಡಿ. ಜಾಸ್ತಿ ಸಲ ಹೊಡೆಯಬೇಡಿ. ಆ ಕೇಬಲ್ ಸುಟ್ಟು ಅಂಟಿಕೊಂಡರೆ ಎಂಜಿನ್ ನಿಲ್ಲಿಸಲು ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಡಬೇಕಾಗುತ್ತದೆ.

ಮಳೆನಾಡ ಸವಾರ:
ಎಂಜಿನ್‌ಗೆ 2.7 ವೋಲ್ಟ್. ಬಾಡಿಗೆ 0.1. ಜಂಪರ್ ಕೇಬಲ್ಲಿನ ಒಂದು ವೈರನ್ನು ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್‌ಗೆ ಕಚ್ಚಿಸಿದೆ. ಸೆಲ್ಫ್ ಗಿರ್ರ್ ಅಂತ ತಿರುಗಿತು! ಸಂಜೆ ಕೆಳಗೆ ಮಲಗಿ ನೋಡುತ್ತೇನೆ.

ವೈರಿಂಗ್ ಕಿಟ್ಟಿ:
ನಾನು ಹೇಳಿದ್ದು ವಾಪಸ್. ಎಷ್ಟು ಗಾಡಿಗೆ ಹಾಗೆ ಟರ್ಮಿನಲ್ ತೆಗೆದಿದ್ದೀನೋ ದೇವರೇ ಬಲ್ಲ.

ಮಳೆನಾಡ ಸವಾರ:
ಪಟ್ಟಿ ಇತ್ತು, ಗೇರ್‌ಬಾಕ್ಸ್ ಹತ್ತಿರವೇ. ಕ್ಲಚ್ ಕೆಲಸದವರು ತಿರುಗಿ ಹಾಕುವಾಗ ಬಾಡಿ ಕಡೆಯ ತುದಿಯನ್ನು ದಪ್ಪ ಕಪ್ಪು ಪೇಂಟ್ ಮೇಲೇ ಬಿಗಿದಿದ್ದರು. ಬೋಲ್ಟ್ ಬಿಚ್ಚಿದರೆ ವಾಷರ್ ಅಡಿಯಲ್ಲಿ ಹಸಿರು ಪುಡಿ. ಪಟ್ಟಿಯ ಅರ್ಧ ಎಳೆ ಕೈಗೇ ಉದುರಿತು. ದಪ್ಪನೆಯ ಹೊಸ ಪಟ್ಟಿ ತಂದೆ. ಎರಡೂ ಕಡೆ ಎಮರಿ ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ ಬಿಗಿದು, ಮೇಲೆ ಗ್ರೀಸ್ ಸವರಿದೆ.

ಈಗ ಸೆಲ್ಫ್ ಹೊಡೆವಾಗ 0.2 ವೋಲ್ಟ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1, ಮೊದಲು 13 ದಾಟುತ್ತಿರಲಿಲ್ಲ. ಹೆಡ್‌ಲೈಟ್ ಹಾಕಿದರೆ ಮುಳ್ಳು ಅಲ್ಲಾಡಲ್ಲ. ಸ್ಟಾಪ್ ಕೇಬಲ್ ಮಾತ್ರ ಗಡುಸಾಗಿದೆ, ಬದಲಾಯಿಸಬೇಕು ಅಲ್ವಾ? ಹಳೇ ಬ್ಯಾಟರಿ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ ಸಾರ್. ಅದು ಚೆನ್ನಾಗಿಯೇ ಇತ್ತೇನೋ.

ಹಳೇ ಡೀಸೆಲ್:
ಇತ್ತೇನೋ. ಕೇಬಲ್ ಇವತ್ತೇ ಬದಲಾಯಿಸಿ.