ಕಣ್ಣಿ ಕೊಡದೆ ಮಾರಿದ ಕಾರು

ದಾವಣಗೆರೆಯ ರಾಂ ಅಂಡ್ ಕೋ ವೃತ್ತದ ಹತ್ತಿರದ ಗಾಡಿಯೊಂದರ ಮುಂದೆ ವಾರಕ್ಕೊಮ್ಮೆ ನಾವು ನಾಲ್ವರು ಸೇರುತ್ತೇವೆ. ನರ್ಗಿಸ್ ಮಂಡಕ್ಕಿ, ಮಿರ್ಚಿ, ಆಮೇಲೆ ಚಹಾ. ನಡುನಡುವೆ ಲೋಕದ ಸಮಸ್ಯೆಗಳಿಗೆಲ್ಲ ಪರಿಹಾರ. ಕಳೆದ ವಾರ ಲೋಕವನ್ನು ಅದರ ಪಾಡಿಗೆ ಬಿಡಬೇಕಾಯಿತು. ಕೊಟ್ರೇಶಿ ಮಿರ್ಚಿಯನ್ನು ಮುಟ್ಟಿಯೇ ಇರಲಿಲ್ಲ.

"ಕಾರು ಹೋಯಿತು" ಎಂದ.

"ಕಳುವಾಯಿತೇ?" ಎಂದು ರಫೀಕ್ ಗಾಬರಿಯಾದ.

"ಮಾರಿದೆ."

"ಹಾಗಾದರೆ ಮಾರಿದೆ ಎನ್ನು. ಹೋಯಿತು ಎಂದರೆ ಹಾರ ತರಬೇಕೇನೋ ಎಂದುಕೊಂಡೆ."

ಬಿಳಿ ಮಾರುತಿ 800, 1998ರದು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಜಿಲ್ಲೆಗೂ ಕಾರಿಗೂ ಒಂದೇ ವರ್ಷದ ಅಂತರ. ಜಿಲ್ಲೆ ಬೆಳೆಯಿತು, ಕಾರು 796 ಸಿಸಿಯಲ್ಲೇ ನಿಂತಿತು. ಮೂರು ಸಿಲಿಂಡರ್, ನಾಲ್ಕು ಗೇರ್, ಚಳಿಗಾಲದಲ್ಲಿ ಚೋಕ್ ಎಳೆಯದಿದ್ದರೆ ಮುನಿಸು. ಅದರಲ್ಲಿ ಕೊಟ್ರೇಶಿಯ ಸಂಸಾರ ಉಕ್ಕಡಗಾತ್ರಿಗೆ ಹೋದಾಗ ಎಂಟು ಜನ ಇಳಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಾಲ್ಕು ಜನರ ಕಾರಲ್ಲವೇ ಎಂದರೆ, "ಜನ ನಾಲ್ಕೇ. ಮಕ್ಕಳನ್ನು ಸಾಮಾನಿನ ಲೆಕ್ಕದಲ್ಲಿ ಹಿಡಿಯಬೇಕು" ಎಂದಿದ್ದ.

ಅದನ್ನು ಮಾರುವ ಮಾತು ಶುರುವಾಗಿ ಐದಾರು ವರ್ಷವೇ ಆಯಿತು. ಯುಗಾದಿ ಕಳೆಯಲಿ ಎನ್ನುತ್ತಿದ್ದ. ಯುಗಾದಿ ಕಳೆದರೆ ದುಗ್ಗಮ್ಮನ ಜಾತ್ರೆ. ಅದು ಎರಡು ವರ್ಷಕ್ಕೊಮ್ಮೆ ಬರುವುದರಿಂದ ವಾಯಿದೆ ಕೇಳುವವನಿಗೆ ಬಹಳ ಅನುಕೂಲ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, 2013, 2018, 2023 ಮೂರು ಸಲವೂ ಮಾಡಿಸಿದ. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆದಾಗಲೂ ತುಟಿ ಬಿಚ್ಚಲಿಲ್ಲ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಗಿದೆ ಎಂದು ಪತ್ರಿಕೆಯಲ್ಲಿ ಬಂದ ದಿನ ಮಾತ್ರ ಅವನ ಹೆಂಡತಿ ಪತ್ರಿಕೆಯನ್ನು ಮಡಿಸಿ, ಸುದ್ದಿ ಮೇಲೆ ಬರುವಂತೆ, ಊಟದ ತಟ್ಟೆಯ ಪಕ್ಕದಲ್ಲಿಟ್ಟಳಂತೆ. ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಹತ್ತನೇ ದಿನಕ್ಕೆ ಚಿತ್ರದುರ್ಗದ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟ.

"ಅದು ಹಳೆಯ ಕಾರೇ ಅಲ್ಲ" ಎಂದ ಗ್ಯಾರೇಜಿನ ರಫೀಕ್. "ಕ್ಲಚ್ ನಾನು ಹಾಕಿದ್ದು, ರೇಡಿಯೇಟರ್ ನಾನು ಹಾಕಿದ್ದು, ಸೀಟು, ಸೈಲೆನ್ಸರ್, ಬಾಗಿಲು ಎಲ್ಲವೂ ನನ್ನವೇ. ನಾನು ಮುಟ್ಟದೆ ಉಳಿದದ್ದು ನಂಬರ್ ಪ್ಲೇಟ್ ಒಂದೇ. ಅದನ್ನೂ ಸರ್ಕಾರ ಬದಲಿಸಿತು. ನೀನು ಇಷ್ಟು ದಿನ ಪ್ರೀತಿಸಿದ್ದು ನನ್ನ ಬಿಲ್ಲುಗಳನ್ನು."

ಇಂಥ ಮಾತಿಗೆ ನಗುವ ಕೊಟ್ರೇಶಿ ನಗಲಿಲ್ಲ. ಹುಡುಗನಿಗೆ ಕಾರಿನ ಗುಣಾವಗುಣಗಳನ್ನೆಲ್ಲ ಹೇಳಿಕೊಟ್ಟೆ ಎಂದು ಶುರುಮಾಡಿದ. ಎಡಬಾಗಿಲನ್ನು ತುಸು ಎತ್ತಿ ಹಾಕಬೇಕು. ಬಲಗಡೆಯ ಹೆಡ್‌ಲೈಟ್ ಮೆಳ್ಳಗಣ್ಣಿನದು, ದಾರಿ ಬಿಟ್ಟು ಬೇವಿನ ಮರ ನೋಡುತ್ತದೆ. ಇಂಡಿಕೇಟರ್ ತಾನಾಗಿ ಆರುವುದಿಲ್ಲ, ಹೊರಳಿದ ಮೇಲೆ ಕೈಯಿಂದಲೇ ಆರಿಸಬೇಕು. ನಮ್ಮ ಕಡೆ ಮಗಳನ್ನು ಒಪ್ಪಿಸಿಕೊಡುವಾಗಲೂ ಇಷ್ಟು ಪ್ರಾಮಾಣಿಕವಾಗಿ ಯಾರೂ ಮಾತನಾಡುವುದಿಲ್ಲ.

"ಕಣ್ಣಿ ಇಟ್ಟುಕೊಂಡೆಯೋ ಇಲ್ಲವೋ?" ಎಂದು ನಾನು ಕೇಳಿದೆ. ಎತ್ತು ಮಾರಿದರೂ ಅದರ ಕೊರಳಿನ ಕಣ್ಣಿಯನ್ನು ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಜೊತೆಗೆ ನಡೆದುಬಿಡುತ್ತಾಳೆ ಎಂದು ನಮ್ಮಪ್ಪ ಹೇಳುತ್ತಿದ್ದ. ಹಾಗಾದರೆ ಕಾರಿಗೆ ಕಣ್ಣಿ ಯಾವುದು? ಚರ್ಚೆ ಎರಡು ತಟ್ಟೆ ಮಿರ್ಚಿಯಷ್ಟು ಉದ್ದ ನಡೆಯಿತು. ಡ್ಯಾಶ್‌ಬೋರ್ಡಿನ ಗಣಪತಿ ಎಂದೆ ನಾನು. ಸ್ಟೆಪ್ನಿ ಎಂದ ರಫೀಕ್. ಅವನ ಬುದ್ಧಿ ಯಾವಾಗಲೂ ಮರುಮಾರಾಟದ ಕಡೆಗೆ. ಬ್ಯಾಂಕಿನಿಂದ ನಿವೃತ್ತನಾದ ಬಕ್ಕೇಶಿಗೆ ಇದಾವುದೂ ಹಿಡಿಸಲಿಲ್ಲ.

"ಫಾರಂ 29, 30 ಸಹಿ ಮಾಡಿದೆಯಾ? ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಅವನು ಯಾರಿಗಾದರೂ ಗುದ್ದಿದರೆ ಪರಿಹಾರದ ನೋಟಿಸು ಬರುವುದು ನಿನಗೆ."

"ಹೆಸರು ಬದಲಾಯಿತು."

"ಫಾಸ್ಟ್ಯಾಗ್ ರದ್ದು ಮಾಡಿಸಿದೆಯಾ?"

ಕೊಟ್ರೇಶಿ ತಣ್ಣಗಾದ ಮಿರ್ಚಿಯನ್ನು ಈಗ ಬಹಳ ಆಸಕ್ತಿಯಿಂದ ಮುರಿಯತೊಡಗಿದ.

ಮಾಡಿಸಿರಲಿಲ್ಲ. ಮೊದಲ ವಾರ ಮರೆತದ್ದು ನಿಜ. ಆಮೇಲೊಂದು ಬೆಳಿಗ್ಗೆ ಮೊಬೈಲ್ ಗುಂಯ್ ಎಂದು, ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವಿನ ಹೆಬ್ಬಾಳು ಟೋಲ್‌ನಲ್ಲಿ ಹಣ ಕಡಿತವಾಗಿದೆ ಎಂಬ ಸಂದೇಶ ಬಂತಂತೆ. ಸಿಟ್ಟು ಬರುವ ಬದಲು ಸಮಾಧಾನವಾಯಿತಂತೆ. ಮರುದಿನ ಹಿರಿಯೂರು ದಾರಿಯ ಗುಯಿಲಾಳು ಟೋಲ್. "ಅಷ್ಟು ದೂರ ಹೋದರೂ ಬಿಸಿಯಾಗಿ ನಿಂತಿಲ್ಲ ನೋಡು" ಎಂದು ಹೆಂಡತಿಗೆ ತೋರಿಸಿದನಂತೆ. ಖಾತೆಯಲ್ಲಿ ಹಣ ಮುಗಿಯುತ್ತ ಬಂದಾಗ ಇವನೇ 500 ರೂಪಾಯಿ ತುಂಬಿದ್ದಾನೆ.

"ಮಾರಿದ ಕಾರಿನ ಟೋಲನ್ನು ನೀನು ಕಟ್ಟುತ್ತಿದ್ದೀಯಾ?" ಬಕ್ಕೇಶಿಯ ದನಿಗೆ ಗಾಡಿಯವನು ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ನೋಡಿದ.

"ಮಗಳು ಗಂಡನ ಮನೆಯಿಂದ ಫೋನು ಮಾಡಿದರೆ ಖರ್ಚು ಲೆಕ್ಕ ಹಾಕುತ್ತೀಯಾ?"

ಬಕ್ಕೇಶಿ ಹಾಕುತ್ತಾನೆ, ನಮಗೆ ಗೊತ್ತು. ಆದರೂ ಸುಮ್ಮನಾದ. ನಾನು ಇಂಥ ಮಮತೆಗಳನ್ನು ನಂಬುವವನಲ್ಲ. ನನ್ನ ಸ್ಕೂಟರ್ ಗುಜರಿಗೆ ಹೋದ ದಿನ ಎರಡು ಬೆಣ್ಣೆದೋಸೆ ತಿಂದವನು. ಆ ಅಂಗಡಿಗೆ ನಡೆದುಕೊಂಡು ಹೋಗಬೇಕಾಯಿತು ಎಂಬುದಷ್ಟೇ ನೆನಪಿದೆ.

ಅಷ್ಟರಲ್ಲಿ ಮೊಬೈಲ್ ಗುಂಯ್ ಎಂದಿತು. ಹೆಬ್ಬಾಳು, 6 ಗಂಟೆ 40 ನಿಮಿಷ.

"ಬರುತ್ತಿದ್ದಾನೋ, ಹೋಗುತ್ತಿದ್ದಾನೋ?" ಎಂದ ರಫೀಕ್.

"ಹೋಗುವವನಾಗಿದ್ದರೆ ಬಂದಾಗಲೇ ಒಂದು ಸಂದೇಶ ಬಂದಿರಬೇಕಿತ್ತು. ಬಂದಿಲ್ಲ. ಆದ್ದರಿಂದ ದಾವಣಗೆರೆಗೇ ಬರುತ್ತಿದ್ದಾನೆ" ಎಂದ ಬಕ್ಕೇಶಿ. ಎದ್ದವನೂ ಅವನೇ ಮೊದಲು.

ಚಹಾ ಬೇಡ ಎಂದು ಹೇಳಿ ನಾಲ್ವರೂ ರಫೀಕನ ಓಮ್ನಿ ಹತ್ತಿದೆವು. ಚಿತ್ರದುರ್ಗದ ಕಡೆಯಿಂದ ಬರುವವರು ಹೆದ್ದಾರಿ ಬಿಟ್ಟು ಊರಿಗೆ ಹೊರಳುವಲ್ಲಿ, ಬಸ್ಸಿಗೆ ಕಾದವರಂತೆ ಸಾಲಾಗಿ ನಿಂತೆವು. ಲಾರಿಗಳು ಹೋದವು, ಬಸ್ಸುಗಳು ಹೋದವು. ಕತ್ತಲಾಗುತ್ತಿತ್ತು. ಆಮೇಲೆ ದೂರದಲ್ಲಿ ಒಂದು ದೀಪ ರಸ್ತೆಯನ್ನೂ ಇನ್ನೊಂದು ಬೇಲಿಯನ್ನೂ ನೋಡುತ್ತ ಬಂದವು.

"ಅದೇ!" ಎಂದ ರಫೀಕ್. "ಸೈಲೆನ್ಸರ್ ಸದ್ದು ಕೇಳು, ನನ್ನದು."

ಕಾರು ನಮ್ಮ ಮುಂದೆಯೇ ಎಡಕ್ಕೆ ಹೊರಳಿ, ನಮ್ಮನ್ನು ಗಮನಿಸದೆ ಊರೊಳಗೆ ಹೋಯಿತು. ಕೊಟ್ರೇಶಿ ಅದರ ಬೆನ್ನನ್ನೇ ನೋಡುತ್ತ ನಿಂತ. ಏನಾದರೂ ಸಮಾಧಾನ ಹೇಳೋಣವೆಂದು ನಾನು ಅವನ ಹೆಗಲ ಮೇಲೆ ಕೈ ಇಟ್ಟೆ.

"ಹೊರಳಿಯಾದರೂ ಇಂಡಿಕೇಟರ್ ಆರಿಸಲಿಲ್ಲ ನೋಡು" ಎಂದು ನನ್ನ ಕೈ ಕೊಡವಿದ. "ಮೂರು ಸಲ ಹೇಳಿಕೊಟ್ಟಿದ್ದೆ."